ಬುರುಲ್ ಎಜೆ ನಂಬಿದ ವಾಕ್ಯ

ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅದರ ವಾಕ್ಯಗಳು ನನ್ನ ತಲೆಯೊಳಗೆ ಬೀಡುಬಿಟ್ಟು ಕೂತಿವೆ. ನಮ್ಮ ಶಾಲೆಯಲ್ಲಿ ನಾನು ಲೆಕ್ಕ ಕಲಿಸುವ ಕೋಣೆಗೂ ಬುರುಲ್ ಎಜೆ ಇಂಗ್ಲಿಷ್ ಕಲಿಸುವ ಕೋಣೆಗೂ ನಡುವೆ ಇರುವುದು ಬರೀ ಹಲಗೆಯ ಗೋಡೆ. ಎಜೆ ಎಂದರೆ ನಮ್ಮ ಮಾತಿನಲ್ಲಿ ಅಕ್ಕ. ಆಚೆ ಸೀನಿದರೆ ಈಚೆ ಕೇಳುತ್ತದೆ. ನಾನು ಭಿನ್ನರಾಶಿ ಬಿಡಿಸುತ್ತಿದ್ದರೆ ಅತ್ತ ಕಡೆಯಿಂದ ಇಡೀ ತರಗತಿ ಒಂದೇ ಗಂಟಲಿನಲ್ಲಿ "ದೇರ್ ಈಸ್ ಎ ಬುಕ್ ಆನ್ ದ ಟೇಬಲ್" ಎಂದು ಕೂಗುತ್ತಿತ್ತು. ಆಮೇಲೆ ಪುಸ್ತಕ ಹೋಗಿ ರೊಟ್ಟಿ ಬರುತ್ತಿತ್ತು, ರೊಟ್ಟಿ ಹೋಗಿ ಬೆಕ್ಕು ಬರುತ್ತಿತ್ತು. ಟೇಬಲ್ಲು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಎಷ್ಟೋ ಸಲ ಕರಿಹಲಗೆಯ ಮೇಲೆ ಲೆಕ್ಕ ಬರೆಯುತ್ತಾ ನಾನೇ ಅದನ್ನು ಗೊಣಗಿಕೊಂಡು, ಮಕ್ಕಳೆದುರು ನಗೆಪಾಟಲಾಗಿದ್ದೇನೆ.

ಇದಕ್ಕೆಲ್ಲ ಮೂಲ ಎಜೆಯ ರಟ್ಟಿನ ಚೌಕಟ್ಟು. ದಪ್ಪ ರಟ್ಟಿನಲ್ಲಿ ಸಾಲಾಗಿ ಕಿಟಕಿ ಕೊರೆದು, ಹಿಂದಿನಿಂದ ಕಾಗದದ ಪಟ್ಟಿಗಳನ್ನು ಎಳೆಯುವ ಹಾಗೆ ಅವರೇ ಮಾಡಿಕೊಂಡಿದ್ದರು. ಒಂದು ಕಿಟಕಿಯಲ್ಲಿ ಯಾರು, ಪಕ್ಕದ್ದರಲ್ಲಿ ಏನು ಮಾಡಿದರು, ಕೊನೆಯದರಲ್ಲಿ ಎಲ್ಲಿ. ಪಟ್ಟಿ ಎಳೆದಂತೆ ಪದ ಬದಲಾಗುತ್ತಿತ್ತು, ವಾಕ್ಯದ ಅಚ್ಚು ಹಾಗೇ ಉಳಿಯುತ್ತಿತ್ತು. ಸೋವಿಯತ್ ಕಾಲದಲ್ಲಿ ಕಲಿತ ವಿದ್ಯೆ.

"ಅಚ್ಚು ಗಟ್ಟಿ ಇದ್ರೆ ಸಾಕು ಕಣೇ ಅನಾರ್ಕಾನ್, ಅದರೊಳಗೆ ಏನು ಬೇಕಾದ್ರೂ ಎರಕ ಹೊಯ್ಬಹುದು," ಎನ್ನುತ್ತಿದ್ದರು.

"ಹಂಗಾದ್ರೆ ನನಗೊಬ್ಬ ಒಳ್ಳೆ ಗಂಡನ್ನ ಹೊಯ್ದು ಕೊಡಿ ಎಜೆ. ಇರೋನು ಸೀಳು ಬಿಟ್ಟಿದಾನೆ."

"ನಿನ್ನ ಬಾಯಿಗೆ ಹೆದರಿ ಸೀಳು ಬಿಟ್ಟಿರ್ಬೇಕು ಪಾಪ."

ಹೀಗೆ ನಗುತ್ತಿದ್ದ ಹೆಂಗಸು ಅವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಗುವಂಥದ್ದೇನೂ ಇಲ್ಲ.

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಎಜೆ ಒಬ್ಬ ಇಂಗ್ಲಿಷಿನವನನ್ನೂ ಕಣ್ಣಾರೆ ಕಂಡವರಲ್ಲ. ನಾರಿನ್ ಪಟ್ಟಣ ದಾಟಿ, ಕಣಿವೆ ಹತ್ತಿ, ನಮ್ಮ ಊರಿಗೆ ಬರುವವರೆಂದರೆ ಕುರಿ ವ್ಯಾಪಾರಿಗಳು, ಕಲ್ಲಿದ್ದಲಿನ ಲಾರಿಯವರು. ಎಜೆಯ ಗಂಡನೂ ಅಂಥದ್ದೇ ಲಾರಿ ಓಡಿಸುತ್ತಿದ್ದವನು, ಒಂದು ಚಳಿಗಾಲ ಹಿಮದ ತಿರುವಿನಲ್ಲಿ ಲಾರಿಯ ಜೊತೆಗೇ ಉರುಳಿಹೋದ. ಮನೆಯಲ್ಲಿ ಉಳಿದವರು ಮಾವ ಸುಯುನ್ ಆತ, ಮಗಳು ಜಿಬೆಕ್. ‘ಆತ’ ಎಂದರೆ ನಮ್ಮಲ್ಲಿ ತಂದೆ, ಹಿರಿಯ; ಆ ಮುದುಕರನ್ನು ಎಜೆಯೂ ನಾವೂ ಕರೆಯುತ್ತಿದ್ದುದು ಹಾಗೆಯೇ. ಎಜೆ ಮಾವನನ್ನು ಬಿಟ್ಟು ತವರಿಗೆ ಹೋಗಲಿಲ್ಲ, ಇನ್ನೊಂದು ಮದುವೆಯ ಮಾತೆತ್ತಿದವರಿಗೆ ಚಹಾ ಕುಡಿಸಿ ಕಳಿಸಿದರು. ಅವರ ಬದುಕೆಲ್ಲ ಜಿಬೆಕಳ ಸುತ್ತಲೇ.

ಜಿಬೆಕ್ ಶಾಲೆ ಮುಗಿಸುವ ವರ್ಷ ಒಂದು ವಿಚಿತ್ರ ನಡೆಯಿತು. ಚಹಾದ ಬಟ್ಟಲು ಚಾಚಿದರೆ ಹುಡುಗಿ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದಳು. ಬಾಗಿಲಿಗೆ ಭುಜ ತಾಗಿಸಿಕೊಂಡು ಒಳಗೆ ಬರುತ್ತಿದ್ದಳು. "ಯಾವ ಹುಡುಗನ ಧ್ಯಾನದಲ್ಲಿದೀಯೇ?" ಎಂದು ನಾವೆಲ್ಲ ಕಿಚಾಯಿಸಿದೆವು. ನಾರಿನ್ನಿನ ಡಾಕ್ಟರು ನೋಡಿದ ಮೇಲೆ ನಮ್ಮ ಬಾಯಿ ಬಂದಾಯಿತು. ಕಣ್ಣೊಳಗೆ ಒತ್ತಡ ಏರಿದೆ, ನೋಟವನ್ನು ಅಂಚಿನಿಂದ ತಿಂದುಕೊಂಡು ಬರುತ್ತಿದೆ ಎಂದರು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಬೇಕಾದರೆ ರಾಜಧಾನಿ ಬಿಶ್ಕೆಕ್‌ನಲ್ಲಿ ಬೇಗ ಆಪರೇಷನ್ ಆಗಬೇಕು. ಅಲ್ಲಿ ಹೆಸರು ಬರೆಸಿ, ಸರದಿ ಬರುವ ತನಕ ಹಾಕಿಕೊಳ್ಳಲು ಔಷಧಿ ಕೊಟ್ಟು ಕಳಿಸಿದರು.

ಆ ಬೇಸಿಗೆಯಲ್ಲೇ ನೈಜೆಲ್ ಬಂದ. ಬೆಟ್ಟ ಸುತ್ತಲು ಬಂದ ಇಂಗ್ಲಿಷಿನವನು. ಅವನ ಜೀಪು ನಮ್ಮ ಊರಿನ ಸೇತುವೆಯ ಬಳಿ ಕೆಟ್ಟು ನಿಂತಿತು. ಡ್ರೈವರು ಜೀಪಿನ ಕೆಳಗೆ ತೂರಿದ, ಇವನು ದಾರಿಯಲ್ಲಿ ನಿಂತು ಕುದುರೆಗಳ ಚಿತ್ರ ತೆಗೆಯುತ್ತಿದ್ದ. ಯಾರೋ ಓಡಿ ಬಂದು ಎಜೆಯನ್ನು ಕರೆದರು. ಅವರು ಹಿಟ್ಟಿನ ಕೈ ತೊಳೆದು, ಶಾಲೆಯ ಕೋಟು ಹಾಕಿಕೊಂಡು ಹೊರಟರು. ನಾನೂ ಹಿಂದೆ ಹೋದೆ. ಎಜೆ ಒಂದು ವಾಕ್ಯ ಹೇಳಿದರು. ಆ ಮನುಷ್ಯನ ಮುಖ ಅರಳಿತು, ಅವನೊಂದು ವಾಕ್ಯ ಹೇಳಿದ. ಎಜೆಗೆ ಅರ್ಥವಾಯಿತು. ಅವರು ನನ್ನ ಕಡೆ ತಿರುಗಿ ನನ್ನ ತೋಳು ಹಿಡಿದ ಬಿಗಿ ಇನ್ನೂ ನೆನಪಿದೆ. "ಕೆಲಸ ಮಾಡ್ತಿದೆ ಕಣೇ! ಅಚ್ಚು ಕೆಲಸ ಮಾಡ್ತಿದೆ!" ಎಂದರು.

ಅತಿಥಿ ಏನು ಕೆಲಸ ಮಾಡುತ್ತಾನೆಂದು ಕೇಳಿದರೆ, ಕಣ್ಣಿನ ಡಾಕ್ಟರು! ಸುಯುನ್ ಆತ ಕೋಲೂರಿಕೊಂಡು ಎದ್ದು ನಿಂತು ತಾವೇ ಹಟ್ಟಿಗೆ ಹೋಗಿ ಕುರಿ ಆರಿಸಿದರು. ಬಾಗಿಲಿಗೆ ಕುರಿ ತಂದು ನಿಲ್ಲಿಸಿ, ಎಲ್ಲರೂ ಅಂಗೈ ಚಾಚಿ ಹರಸಿ, ಆಮೇಲೆ ಕೊಯ್ದರು. ಬೇಯಿಸಿದ ತಲೆಯನ್ನು, ಅತಿಥಿಗೆ ಸಲ್ಲುವ ಮರ್ಯಾದೆಯೆಂದು, ನೈಜೆಲನ ಮುಂದಿಟ್ಟರು. ಎಜೆ ಹೇಳಿಕೊಟ್ಟ ಹಾಗೆ ಅವನು ಕಿವಿ ಕೊಯ್ದು ಮನೆಯ ಕಿರಿಯಳಾದ ಜಿಬೆಕಳಿಗೆ ಕೊಟ್ಟ. ನಾವು ಕೂತಂತೆ ಕೂತ, ನಾವು ತಿಂದಂತೆ ಕೈಯಲ್ಲಿ ತಿಂದ, ಹುದುಗಿಸಿದ ಕುದುರೆ ಹಾಲು ಕುಮಿಸ್ ಕುಡಿದು ಮೀಸೆ ಒರೆಸಿಕೊಂಡ. ನಾವು ಮಾಡಿದ್ದನ್ನೆಲ್ಲ ಮಾಡುವ ಹುರುಪು ಅವನಿಗೆ. ಒಳ್ಳೆಯ ಮನುಷ್ಯನೇ. ಕೆಟ್ಟವನಾಗಿದ್ದಿದ್ದರೆ ನಾವು ಉಳಿದುಕೊಳ್ಳುತ್ತಿದ್ದೆವು.

ಊಟವಾದ ಮೇಲೆ ಅವನು ಪುಟ್ಟ ಟಾರ್ಚು ಹಿಡಿದು ಜಿಬೆಕಳ ಕಣ್ಣು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎಜೆಗೆ ಏನೇನೋ ಹೇಳಿದ. ಎಜೆ ಒಂದೊಂದನ್ನೇ ಮಾವನಿಗೆ ತಿಳಿಸಿದರು.

"ತಡ ಮಾಡ್ಬಾರ್ದಂತೆ, ಆತ. ಇದಕ್ಕೆ ಇವರ ಊರಲ್ಲಿ ತುಂಬ ಒಳ್ಳೆ ಕೈಗಳಿವೆಯಂತೆ. ‘ನೀವು ನಮ್ಮಲ್ಲಿಗೆ ಬರಲೇಬೇಕು’ ಅಂತಿದಾರೆ. ‘ನನ್ನ ಕೈಲಿ ಏನಾಗುತ್ತೋ ನೋಡ್ತೀನಿ, ಅದನ್ನ ನನಗೆ ಬಿಡಿ’ ಅಂತಿದಾರೆ."

ಸುಯುನ್ ಆತ ಯೋಚಿಸಿ ಒಂದೇ ಒಂದು ಪ್ರಶ್ನೆ ಕೇಳಿದರು. "ಬುಯುರ್ಸ ಅಂದನಾ?"

"ಇಲ್ಲ, ಆತ. ಅನ್ನಲಿಲ್ಲ."

ನಾವೇನು ಮಾತಿಗೆ ತಪ್ಪದ ಸಂತರಲ್ಲ. ನಮ್ಮವರಿಗೂ ಮಾತಿನಿಂದ ಜಾರಿಕೊಳ್ಳಲು ಬರುತ್ತದೆ, ಅದಕ್ಕೇ ‘ಬುಯುರ್ಸ’ ಇರುವುದು. ದೇವರಿಟ್ಟರೆ ಬರುತ್ತೇನೆ ಎಂದವನು ಬರದಿದ್ದರೆ ಯಾರೂ ಬೈಯುವಂತಿಲ್ಲ, ದೇವರಿಡಲಿಲ್ಲ ಅಷ್ಟೆ. ಈ ಮನುಷ್ಯ ಅದನ್ನು ಸೇರಿಸಲಿಲ್ಲ. ಕುರಿಯ ತಲೆ ಮುಂದಿಟ್ಟುಕೊಂಡು, ಹಿಂಬಾಗಿಲನ್ನೇ ಬಿಟ್ಟುಕೊಳ್ಳದೆ ಮಾತು ಕೊಟ್ಟ ಎಂದು ಸುಯುನ್ ಆತ ತಿಳಿದರು. ಎಜೆ ತಿಳಿದರು. ನಾನೂ ತಿಳಿದೆ. ಸುಯುನ್ ಆತ ಅಂಗೈಗಳನ್ನು ಮೇಲ್ಮುಖವಾಗಿ ಚಾಚಿ ಬಾತಾ ಕೊಟ್ಟರು: ಈ ಅತಿಥಿಯ ಕೈಯಿಂದ ಈ ಮಗುವಿಗೆ ಬೆಳಕು ಸಿಗಲಿ, ಅವನ ದಾರಿ ಬೆಳ್ಳಗಿರಲಿ. ಎಲ್ಲರೂ ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡೆವು. ನೈಜೆಲನೂ ಸವರಿಕೊಂಡ.

ಬಾತಾ ಎಂದರೆ ಬಾಯಿಮಾತಿನ ಹರಕೆಯಲ್ಲ. ಓಮಿನ್ ಎಂದವರೆಲ್ಲ ಅದಕ್ಕೆ ಕಟ್ಟುಬಿದ್ದ ಹಾಗೆ. ಕಟ್ಟಿದ್ದನ್ನು ಬಿಟ್ಟು ಇನ್ನೊಂದು ಬಾಗಿಲು ತಟ್ಟಿದರೆ, ಯಾರಿಗಾಗಿ ಕಟ್ಟಿದೆವೋ ಅವರಿಗೇ ಕೇಡು ಎನ್ನುತ್ತಾರೆ. ಇನ್ನು ಅಂಗೈ ಮಗುಚಿ, ಮುಂಗೈ ಮೇಲೆ ಮಾಡಿ ಕೊಡುವುದೂ ಒಂದಿದೆ. ಅದು ಶಾಪ. ನಾನು ಚಿಕ್ಕವಳಿದ್ದಾಗ ಕುದುರೆ ಕದ್ದವನ ಮನೆಯೆದುರು ನನ್ನಜ್ಜಿ ಹಾಗೆ ಕೈ ಹಿಡಿದದ್ದನ್ನು ಒಮ್ಮೆ ಕಂಡಿದ್ದೆ. ಆ ದಾರಿಯಲ್ಲಿ ಎಷ್ಟೋ ಕಾಲ ಯಾರೂ ನಡೆಯಲಿಲ್ಲ.

ಜೀಪು ಸರಿಹೋಯಿತು, ಅತಿಥಿ ಹೋದ. ಹುಲ್ಲು ಒಣಗಿಸಿ ಒಟ್ಟುವ ದಿನಗಳಲ್ಲಿ ಬಿಶ್ಕೆಕ್‌ನಿಂದ ಫೋನು ಬಂತು. ನಿಮ್ಮ ಹುಡುಗಿಯ ಸರದಿ ಬಂದಿದೆ, ಈ ವಾರವೇ ಹೊರಡಿ ಎಂದರು. ನಾನು ಪಕ್ಕದಲ್ಲೇ ಇದ್ದೆ. ಎಜೆ ಬಹಳ ಮರ್ಯಾದೆಯಿಂದ, "ನಮಗೆ ಬೇರೆ ಕಡೆ ಗೊತ್ತಾಗಿದೆ, ದಯವಿಟ್ಟು ಆ ಜಾಗ ಇನ್ಯಾರಿಗಾದ್ರೂ ಕೊಡಿ," ಎಂದುಬಿಟ್ಟರು.

ನನಗೆ ತಲೆ ಕೆಟ್ಟುಹೋಯಿತು. "ಏನು ಮಾಡ್ಬಿಟ್ರಿ ಎಜೆ? ಅವನು ಕರೆದಾಗ ಅಲ್ಲಿಗೂ ಹೋಗಿ, ಈಗ ಇಲ್ಲಿಗೆ ಹೋಗೋದಕ್ಕೆ ಏನು ರೋಗ?"

"ಓಮಿನ್ ಅಂದಾಗಿದೆ ಅನಾರ್ಕಾನ್."

"ಓಮಿನ್ ಅಂದ್ರೆ ಅವನು ರೆಕ್ಕೆ ಕಟ್ಕೊಂಡು ಬರ್ತಾನಾ?"

"ನಾನು ಇನ್ನೊಬ್ಬರ ಕೈಗೆ ಮಗಳನ್ನ ಕೊಟ್ಟು, ಅಲ್ಲಿ ಏನಾದ್ರೂ ಎಡವಟ್ಟಾದ್ರೆ? ಬಾತಾ ಮುರಿದದ್ದಕ್ಕೇ ಆಯ್ತು ಅಂತ ಸಾಯೋ ತನಕ ಕೊರೀತಾ ಇರುತ್ತೆ. ನೀನು ಹೆತ್ತವಳಾಗಿ ಯೋಚನೆ ಮಾಡು." ಆಮೇಲೆ ದನಿ ತಗ್ಗಿಸಿದರು. "ಅದೂ ಅಲ್ದೆ, ಅವರು ಹೇಳಿದ್ದು ನನಗೆ ಅರ್ಥವಾಗಿದೆ ಕಣೇ. ಒಂದೊಂದು ಪದವೂ ಅರ್ಥವಾಗಿದೆ. ಇಷ್ಟು ವರ್ಷ ಕಲಿಸಿ ಅಷ್ಟೂ ಅರ್ಥವಾಗಲ್ವಾ ನನಗೆ?"

ಭಯ ಒಂದು ಕಡೆ, ಅಭಿಮಾನ ಇನ್ನೊಂದು ಕಡೆ, ನಡುವೆ ಮಗುವಿನ ಕಣ್ಣು. ಸುಯುನ್ ಆತನ ಹತ್ತಿರ ಹೇಳಿಸೋಣವೆಂದು ಹೋದರೆ ಆ ಮುದುಕ ನನ್ನನ್ನೇ ಗದರಿಸಿದರು: "ಕೊಟ್ಟ ಬಾತಾ ವಾಪಸ್ ತಗೊಳ್ಳೋಕೆ ನಾನೇನು ಸಂತೆ ವ್ಯಾಪಾರಿನಾ?"

ಕಾಯುವುದು ಶುರುವಾಯಿತು. ಎಜೆ ಫೋನಿನಲ್ಲಿ ಸಂದೇಶ ಬರೆದರು. ಅವನು ಉತ್ತರಿಸಿದ, ಸುಮ್ಮನಿರಲಿಲ್ಲ. ನಿಮ್ಮ ಆತಿಥ್ಯ ಮರೆಯಲಾರೆ, ಈಗ ಸ್ವಲ್ಪ ಕೆಲಸದ ಗಡಿಬಿಡಿ, ಜಿಬೆಕಳನ್ನು ಮರೆತಿಲ್ಲ, ನೋಡುತ್ತೇನೆ. ಆಮೇಲೆ ಹಿಮ ಬಿದ್ದ ಮೇಲೆ ಇನ್ನೊಂದು, ಹೆಚ್ಚುಕಡಿಮೆ ಅದೇ ಮಾತು. ಎಜೆ ಪ್ರತಿ ಸಲವೂ ಅದನ್ನು ಸಿಬ್ಬಂದಿ ಕೋಣೆಯಲ್ಲಿ ನಮಗೆಲ್ಲ ಓದಿ, ಅರ್ಥ ಬಿಡಿಸಿ ಹೇಳುತ್ತಿದ್ದರು. ಅವರ ಮುಖದಲ್ಲಿ ಸಂಶಯದ ಎಳೆಯೂ ಇರುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಜೀವಂತ ಇಂಗ್ಲಿಷಿನವನ ಬಾಯಿಂದ ಬಂದ ವಾಕ್ಯ ಅವರ ಬದುಕಿನಲ್ಲಿ ಇದೇ ಮೊದಲು. ಅದನ್ನು ಚೌಕಟ್ಟಿಗೆ ಸೇರಿಸದೆ ಬಿಡುತ್ತಾರೆಯೇ? ಹೊಸ ಪಟ್ಟಿ ಬರೆದರು. ಒಂದು ಬೆಳಗ್ಗೆ ಗೋಡೆಯಾಚೆಯಿಂದ ಟೇಬಲ್ಲು, ಬೆಕ್ಕು ಯಾವುದೂ ಕೇಳಿಸಲಿಲ್ಲ. ಮಕ್ಕಳು ಒಕ್ಕೊರಲಿನಿಂದ "ಐ ವಿಲ್ ಸೀ ವಾಟ್ ಐ ಕ್ಯಾನ್ ಡೂ" ಎಂದು ಕೂಗುತ್ತಿದ್ದರು. ಐ ಹೋಗಿ ಹೀ ಬಂತು, ಹೀ ಹೋಗಿ ದೇ ಬಂತು. ಇಡೀ ಚಳಿಗಾಲ ಒಲೆಯಲ್ಲಿ ಕಲ್ಲಿದ್ದಲು ಹೊಗೆಯಾಡುತ್ತಾ, ಆ ವಾಕ್ಯ ನನ್ನ ಕಿವಿಗೆ ಬೀಳುತ್ತಲೇ ಇತ್ತು. ನಿಜ ಹೇಳಬೇಕೆಂದರೆ ನನಗೂ ಅದರಿಂದ ಧೈರ್ಯ ಬರುತ್ತಿತ್ತು. ಅಷ್ಟೊಂದು ಮಕ್ಕಳು ಸೇರಿ ಹೇಳಿದ್ದು ಸುಳ್ಳಾಗುವುದು ಹೇಗೆ?

ಅತ್ತ ಜಿಬೆಕಳ ನೋಟ ಸಣ್ಣದಾಗುತ್ತಾ ಬಂತು. ಹಂಡೆಯ ಅಗಲವಿದ್ದದ್ದು ತಟ್ಟೆಯಷ್ಟಾಯಿತು, ತಟ್ಟೆಯಷ್ಟಿದ್ದದ್ದು ಬಟ್ಟಲಿನಷ್ಟಾಯಿತು. ಹಾಗೆಂದು ಅವಳೇ ಹೇಳುತ್ತಿದ್ದಳು, ನಗುತ್ತಾ. "ಅನಾರ್ಕಾನ್ ಎಜೆ, ಇವತ್ತು ನಿಮ್ಮ ಮೂಗು ಮಾತ್ರ ಬಂದಿದೆ, ನೀವೆಲ್ಲಿ?" ಎನ್ನುತ್ತಿದ್ದಳು. ಸುಯುನ್ ಆತ ಅದೇ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ದಿನ ಸೊಸೆಯನ್ನು ಕರೆದು, ಅತಿಥಿಯಿಂದ ಸುದ್ದಿ ಬಂತಾ ಎಂದು ಕೇಳಿದರಂತೆ. ‘ನೋಡ್ತಾ ಇದಾರಂತೆ, ಆತ’ ಎಂದು ಎಜೆ ಹೇಳಿದರಂತೆ.

ಹಿಮ ಕರಗಿ ದಾರಿ ತೆರೆದಾಗ ನಾರಿನ್‌ನಲ್ಲಿ ಇಂಗ್ಲಿಷ್ ಶಿಕ್ಷಕರಿಗೊಂದು ತರಬೇತಿ ನಡೆಯಿತು. ಸಂಜೆ ನಾನು ಹಾಲು ತರಲು ಹೋದವಳು ಮಿನಿಬಸ್ಸಿನಿಂದ ಎಜೆ ಇಳಿಯುವುದನ್ನು ಕಂಡೆ. ಇಳಿದವರು ಅಲ್ಲೇ ನಿಂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತು ಎಜೆ? ಹುಷಾರಿಲ್ವಾ?"

"ಕಲಿಸೋಕೆ ಬಂದಿದ್ದಾಕೆ ಇಂಗ್ಲೆಂಡಿನಲ್ಲಿ ಇದ್ದು ಬಂದವಳಂತೆ," ಎಂದರು. "ಪುಸ್ತಕದಲ್ಲಿರೋ ವಾಕ್ಯನ ಅಲ್ಲಿ ಜನ ನಿಜವಾಗಿ ಹೆಂಗೆ ಬಳಸ್ತಾರೆ ಅಂತ ಹೇಳ್ತಿದ್ಲು. ಅಲ್ಲಿ ಯಾರೂ ಅತಿಥಿಗೆ, ನೊಂದವರಿಗೆ, ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನಲ್ಲವಂತೆ. ನೀವು ಬರಲೇಬೇಕು ಅಂತಾರಂತೆ. ಏನಾಗುತ್ತೋ ನೋಡ್ತೀನಿ ಅಂತಾರಂತೆ. ಸದ್ದಾಗದ ಹಾಗೆ ಬಾಗಿಲು ಹಾಕೋ ರೀತಿ ಅದು ಅಂದ್ಲು. ಎಲ್ಲರಿಗೂ ಗೊತ್ತಿರುತ್ತಂತೆ. ಹೇಳೋರಿಗೂ ಗೊತ್ತು, ಕೇಳೋರಿಗೂ ಗೊತ್ತು."

ಎಜೆ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಎಲ್ಲ ನಕ್ಕರು ಅನಾರ್ಕಾನ್. ಇಡೀ ಕೋಣೆ ನಕ್ಕಿತು. ನನ್ನ ಮಕ್ಕಳು ಚಳಿಗಾಲ ಪೂರ್ತಿ ಅದನ್ನೇ ಕೂಗಿದ್ರಲ್ಲೇ!"

ನಾನು ಹಾಲಿನ ಪಾತ್ರೆ ಕೆಳಗಿಟ್ಟು ಅವರನ್ನು ಹಿಡಿದುಕೊಂಡೆ. ಮಾರನೆಯ ದಿನವೇ ಜಿಬೆಕಳನ್ನು ಕರೆದುಕೊಂಡು ನಾವಿಬ್ಬರೂ ಬಿಶ್ಕೆಕ್‌ಗೆ ಹೋದೆವು. ಡಾಕ್ಟರು ಹೆಂಗಸು, ನಮ್ಮದೇ ವಯಸ್ಸು, ಸುಸ್ತಾದ ಮುಖ. ಕಣ್ಣು ನೋಡಿ ದೀಪ ಆರಿಸಿ, "ಹುಲ್ಲು ಕುಯ್ಯೋ ಹೊತ್ತಿಗೇ ಕರೆದಿದ್ವಲ್ಲಮ್ಮ, ಯಾಕೆ ಬರಲಿಲ್ಲ?" ಎಂದರು. ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ಈಗ ಮಾಡುವಂಥದ್ದು ಏನೂ ಉಳಿದಿಲ್ಲ ಎಂದರು ಡಾಕ್ಟರು. ಸದ್ದಾಗುವ ಹಾಗೆ, ಸ್ಪಷ್ಟವಾಗಿ, ನಮ್ಮ ಭಾಷೆಯಲ್ಲಿ ಹೇಳಿದರು.

ಊರಿಗೆ ಬಂದ ಮೇಲೆ ಎಜೆ ಚೌಕಟ್ಟನ್ನು ಒಲೆಗೆ ಹಾಕುತ್ತಾರೆಂದು ನಾನು ಕಾದೆ. ಹಾಕಲಿಲ್ಲ. ಮತ್ತೆ ಟೇಬಲ್ಲು ಬಂತು, ಪುಸ್ತಕ ಬಂತು. ಮಕ್ಕಳು ಹಳೆಯ ವಾಕ್ಯವನ್ನು ಅಭ್ಯಾಸಬಲದಿಂದ ಶುರುಮಾಡಿದರೆ ಎಜೆ ಮೇಜಿಗೆ ಅಳತೆಕೋಲು ಬಡಿಯುವ ಸದ್ದು ಕೇಳಿಸುತ್ತಿತ್ತು. ನೈಜೆಲನಿಗೆ ಅವರು ಮತ್ತೇನೂ ಬರೆಯಲಿಲ್ಲ.

ಅವನೇ ಬಂದ. ಆ ವರ್ಷದ ಬೇಸಿಗೆಯಲ್ಲಿ, ಅದೇ ಡ್ರೈವರು, ಈ ಸಲ ಜೀಪು ಚೆನ್ನಾಗಿತ್ತು. ಹಳೆಯ ಸ್ನೇಹಿತರನ್ನು ನೋಡಿ ಹೋಗೋಣ ಎಂದು ಬಂದಿದ್ದನಂತೆ. ಜಿಬೆಕಳಿಗೆಂದು ಉಡುಗೊರೆ ಬೇರೆ: ಅವನ ದೇಶದ ಹೂದೋಟಗಳ ಚಿತ್ರಗಳಿರುವ ದೊಡ್ಡ ಪುಸ್ತಕ. ಹುಡುಗಿ ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡು, ಹಾಳೆ ತೆರೆದು, ನುಣುಪಾದ ಕಾಗದದ ಮೇಲೆ ಬೆರಳಾಡಿಸಿ, ಚೆನ್ನಾಗಿದೆ ಎಂದಳು. ಆಗ ಅವನಿಗೆ ಗೊತ್ತಾಯಿತು. ಕಿವಿಯವರೆಗೂ ಕೆಂಪಾದ. ಅವನು ಹೇಳಿದ್ದರಲ್ಲಿ "ಯು ಶುಡ್ ಹ್ಯಾವ್" ಎಂಬುದು ನನಗೂ ಕೇಳಿಸಿತು. ಗೋಡೆಯಾಚೆಯಿಂದ ಕೇಳಿ ಗೊತ್ತಿದ್ದ ಅಚ್ಚು. ನೀನು ಬಾಗಿಲು ಹಾಕಬೇಕಿತ್ತು, ನೀನು ಕೊಡೆ ತರಬೇಕಿತ್ತು ಎಂದು ಮಕ್ಕಳು ಕೂಗುತ್ತಿದ್ದರು.

"ಏನಂತಾನೆ?" ಎಂದೆ.

"ನೀವು ಹೇಳ್ಬೇಕಿತ್ತು ಅಂತಾರೆ," ಎಂದರು ಎಜೆ.

ನನ್ನ ಮೈಯೆಲ್ಲ ಉರಿದುಹೋಯಿತು. ಅವನನ್ನು ಅಂಗಳದಿಂದ ಹೊರಗೆ ನೂಕಬೇಕೆನಿಸಿತು. ಆದರೆ ಎಜೆ ಒಳಗೆ ಹೋಗಿ ಏಪ್ರನ್ ಕಟ್ಟಿಕೊಂಡರು. ಮನೆಗೆ ಬಂದವನು ಅತಿಥಿ. ಮತ್ತೆ ಕುರಿ ಬಂತು, ಮತ್ತೆ ತಲೆ ಅವನ ಮುಂದೆ ಬಂತು. ಅವನು ಹೋದ ಸಲ ಕಲಿತದ್ದನ್ನು ನೆನಪಿಟ್ಟುಕೊಂಡು ಕಿವಿ ಕೊಯ್ದು ಜಿಬೆಕಳ ಕೈಗಿಟ್ಟ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. ಎಜೆ ಬಡಿಸುತ್ತಲೇ ಇದ್ದರು, ಒಂದೇ ಒಂದು ಬಿರುಸು ಮಾತಾಡಲಿಲ್ಲ.

ಊಟ ಮುಗಿಯಿತು. ಸುಯುನ್ ಆತ ಇಲ್ಲ, ಕೂತವರಲ್ಲಿ ಹಿರಿಯರು ಎಜೆಯೇ. ಬಾತಾಗಾಗಿ ಎಲ್ಲರೂ ಅವರ ಕಡೆ ತಿರುಗಿದೆವು. ಎಜೆ ಎರಡೂ ಕೈಗಳನ್ನು ಮುಂದೆ ಚಾಚಿದರು. ಆಮೇಲೆ ನಿಧಾನವಾಗಿ ಅಂಗೈಗಳನ್ನು ಮಗುಚಿ ಹಿಡಿದರು.

ಡ್ರೈವರನ ಕೈಯಿಂದ ರೊಟ್ಟಿ ಜಾರಿತು. ಅವನು ನಮ್ಮವನು, ಅವನಿಗೆ ಗೊತ್ತು. ಬೇರೆ ಯಾರಾದರೂ ಮಾಡಿದ್ದರೆ, ನಾನೇ ಮಾಡಿದ್ದರೆ, ಇವಳ ಗುಣವೇ ಇದು ಎಂದುಕೊಳ್ಳುತ್ತಿದ್ದರು. ಮಾಡಿದ್ದು ಬುರುಲ್ ಎಜೆ. ನೈಜೆಲ್ ಅವರ ಕೈಗಳನ್ನು ನೋಡಿದ. ತಾನು ಹೋದ ಸಲ ಕಲಿತದ್ದು ತಪ್ಪಿರಬೇಕು ಎಂದುಕೊಂಡನೋ ಏನೋ, ವಿನಯದಿಂದ ತನ್ನ ಅಂಗೈಗಳನ್ನೂ ಮಗುಚಿಕೊಂಡು ಕಣ್ಣು ಮುಚ್ಚಿ ಕೂತ. ಎಜೆಯ ತುಟಿ ಅಲುಗಿತು, ದನಿ ಬರಲಿಲ್ಲ. ಅವರು ಕೈ ಇಳಿಸಿದಾಗ ಅವನು ತನ್ನ ಮುಖ ಸವರಿಕೊಂಡು "ಓಮಿನ್" ಎಂದ.

ಅವನ ದನಿ ಕೇಳಿ ಜಿಬೆಕಳೂ, ಅಷ್ಟು ಹೊತ್ತು ಅಂಗೈ ಮೇಲೆ ಮಾಡಿ ಕೂತಿದ್ದವಳು, "ಓಮಿನ್" ಎಂದಳು.

ಹೊರಡುವಾಗ ಅವನು ಎಜೆಯ ಕೈ ಹಿಡಿದು, ನೀವು ಖಂಡಿತ ಒಮ್ಮೆ ನಮ್ಮಲ್ಲಿಗೆ ಬರಲೇಬೇಕು ಎಂದ. ಎಜೆ ತಮ್ಮ ಶುದ್ಧ ಉಚ್ಚಾರಣೆಯಲ್ಲಿ, "ಥ್ಯಾಂಕ್ ಯು. ವಿ ವಿಲ್ ಸೀ ವಾಟ್ ವಿ ಕ್ಯಾನ್ ಡೂ," ಎಂದರು. ಅವನು ತಲೆಯಾಡಿಸಿದ. ಅವನಿಗೆ ಅರ್ಥವಾಯಿತೆಂದು ನನಗನಿಸಿತು. ಜೀಪು ಸೇತುವೆ ದಾಟಿತು.

ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಜಿಬೆಕ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಅಮ್ಮಾ, ಇವತ್ತು ನಿನ್ನ ಬಾತಾ ನನಗೆ ಕೇಳಿಸ್ಲೇ ಇಲ್ಲ. ಮನಸ್ಸಲ್ಲೇ ಹೇಳಿದ್ಯಾ?"

"ಹೂಂ ಕಂದ."

"ತಾತ ಹೇಳ್ತಿದ್ದ ಹಂಗೇ ಹೇಳಿದ್ಯಾ? ದಾರಿ ಬೆಳ್ಳಗಿರಲಿ ಅಂತ?"

ಎಜೆ ಮಗಳ ಕೈಗಳನ್ನೇ ನೋಡುತ್ತಿದ್ದರು. ಅವರಿಗೆ ಹೊಳೆದದ್ದು ಆಗಲೇ ನನಗೂ ಹೊಳೆಯಿತು. ಓಮಿನ್ ಎಂದವರೆಲ್ಲ ಕಟ್ಟುಬೀಳುತ್ತಾರೆ.

"ಒಳ್ಳೇದು ಬಿಡು," ಎಂದಳು ಜಿಬೆಕ್. "ನಾನೂ ಓಮಿನ್ ಅಂದೆ. ಅವರಿಗೆ ಏನು ಸಿಗುತ್ತೋ ನನಗೂ ಅದೇ ಸಿಗಲಿ."

ಬುರುಲ್ ಎಜೆ ಮಗಳ ಮಡಿಲಲ್ಲಿ, ಆ ಹೂದೋಟಗಳ ಪುಸ್ತಕದ ಮೇಲೆ ಮುಖವಿಟ್ಟರು. ಅವರು ಯಾಕೆ ಹಾಗೆ ಅತ್ತರೆಂದು ಜಿಬೆಕಳಿಗೆ ಇವತ್ತಿಗೂ ಗೊತ್ತಿಲ್ಲ, ನಾನು ಹೇಳಿಲ್ಲ. ಎಜೆ ಆಮೇಲೆ ಯಾವ ಮನೆಯಲ್ಲೂ ಊಟದ ಕೊನೆಯವರೆಗೆ ಕೂರುವುದಿಲ್ಲ. ಬಾತಾಗೆ ಎಲ್ಲರೂ ಕೈ ಚಾಚುವ ಮೊದಲೇ ಎದ್ದು ಹೊರಗೆ ಹೋಗುತ್ತಾರೆ.